ಬೀದಿ ಯಾರಪ್ಪನದು?

ಬೆಂಗಳೂರಿನ ಬೀದಿಗಳಲ್ಲಿ ಬೆಳಗಿನ ಆರರಿಂದ ಎಂಟರವರೆಗೆ ನಡೆಯುವವರು ಯಾರು ಅಂತ ಕಣ್ಣು ಬಿಟ್ಟು ನೋಡಿ. ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸರು, ಮನೆಗೆಲಸಕ್ಕೆ ಹೊರಟವರು, ಗಾರ್ಮೆಂಟ್ಸಿಗೆ ಓಡುವ ಹುಡುಗಿಯರು, ಗಾರೆ ಕೆಲಸದವರು, ರಾತ್ರಿ ಪಾಳಿ ಮುಗಿಸಿ ಹಳೇ ಸೈಕಲ್ ತುಳಿಯುತ್ತ ಬರುವ ವಾಚ್‌ಮನ್‌ಗಳು. ಈ ನಗರವನ್ನು ಕಟ್ಟುವವರು, ಗುಡಿಸುವವರು, ಕಾಯುವವರು ಇವರೇ. ಆದರೆ ಇವರು ಕಾಲಿಡುವುದಕ್ಕೆ ಈ ನಗರದಲ್ಲಿ ನೆಟ್ಟಗೆ ಆರಡಿ ನೆಲವಿಲ್ಲ.

2011ರ ಜನಗಣತಿಯ ಲೆಕ್ಕ ಹೀಗಿದೆ: ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರಲ್ಲಿ ನಡೆದು ಇಲ್ಲವೇ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರು ದೇಶದಲ್ಲಿ ನೂರಕ್ಕೆ ಸುಮಾರು 35 ಮಂದಿ. ಕಾರಿನಲ್ಲಿ ಹೋಗುವವರು ನೂರಕ್ಕೆ ಮೂವರೂ ಇಲ್ಲ. ಹಾಗಿದ್ದರೆ ದುಡ್ಡು ಯಾರ ಕಡೆ ಹರಿಯಬೇಕು? ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಸುರಂಗ ರಸ್ತೆ ಕೊರೆಯಲು 2025ರಲ್ಲಿ ಸರ್ಕಾರ ಟೆಂಡರ್ ಕರೆಯಿತು. ಸುಮಾರು 17 ಕಿಲೋಮೀಟರಿಗೆ ಅಂದಾಜು 17,000 ಕೋಟಿ ರೂಪಾಯಿ. ಕಾಲ್ನಡಿಗೆಯವರ ಚಪ್ಪಡಿ ಸರಿಮಾಡಿ ಅಂದ್ರೆ ಮಾತ್ರ ಬೊಕ್ಕಸ ಖಾಲಿ! ಇದು ಎಂಜಿನಿಯರುಗಳ ಲೆಕ್ಕ ತಪ್ಪಿದ್ದಲ್ಲ ಸ್ವಾಮಿ. ಯಾರ ಹೊತ್ತಿಗೆ ಬೆಲೆ ಇದೆ, ಯಾರ ಜೀವಕ್ಕೆ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೂತ ಲೆಕ್ಕ.

ಈ ದೇಶದಲ್ಲಿ ಬೀದಿಯಲ್ಲಿ ನಡೆಯುವುದೇ ಒಂದು ಹೋರಾಟವಾಗಿತ್ತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನಾದವನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತನ್ನ ಹೆಜ್ಜೆ ತಾನೇ ಅಳಿಸುತ್ತ ನಡೆಯಬೇಕಿತ್ತು ಅಂತ ಬಾಬಾಸಾಹೇಬರು ಬರೆದಿದ್ದಾರೆ. ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ 1893ರಲ್ಲಿ ಎತ್ತಿನ ಬಂಡಿ ಹತ್ತಿ ಸಾರ್ವಜನಿಕ ರಸ್ತೆಗಿಳಿದದ್ದೇ ದೊಡ್ಡ ಬಂಡಾಯವಾಯಿತು. 1924-25ರ ವೈಕಂ ಸತ್ಯಾಗ್ರಹ ನಡೆದದ್ದು ಗುಡಿಯೊಳಗೆ ಹೋಗುವುದಕ್ಕಲ್ಲ, ಗುಡಿಯ ಸುತ್ತಲ ರಸ್ತೆಯಲ್ಲಿ ನಡೆಯುವುದಕ್ಕೆ. ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳ ಜೊತೆಗೆ ರಸ್ತೆಯನ್ನೂ ಹೆಸರಿಟ್ಟು ಹೇಳಿದೆ: ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರ ಇಡುವಂತಿಲ್ಲ.

ಕಾಗದದ ಮೇಲೆ ರಸ್ತೆ ಸಿಕ್ಕಿತು. ಸೊಂಟದ ಪೊರಕೆ ಕೈಗೆ ಬಂತು. ಆ ಕೈಯವರು ಗುಡಿಸಿದ ರಸ್ತೆಯ ಮೇಲೆ ಕಾರು ಓಡುತ್ತದೆ, ಗುಡಿಸಿದ ಫುಟ್‌ಪಾತಿನ ಮೇಲೆ ಕಾರು ನಿಲ್ಲುತ್ತದೆ. ಗುಡಿಸಿದವಳು ಮೋರಿ ಪಕ್ಕದಲ್ಲಿ ಹಾರನ್ ಕೇಳುತ್ತ ಜೀವ ಕೈಯಲ್ಲಿ ಹಿಡಿದು ನಡೆಯಬೇಕು.

ಕಾನೂನು ಇಲ್ಲ ಅಂತಲ್ಲ. ಫುಟ್‌ಪಾತ್ ಅಂದರೆ ಅಡ್ಡಿಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಅಳತೆ ಹೇಳಿದೆ. ಫುಟ್‌ಪಾತಿನ ಹಕ್ಕು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಟ್ರಾನ್ಸ್‌ಫಾರ್ಮರ್, ಬಾಯಿ ತೆರೆದ ಚರಂಡಿ, ಮೇಲೆ ಹತ್ತಿಬರುವ ಮೋಟಾರ್ ಬೈಕು, ಇವೆಲ್ಲ ಕಳೆದು ಉಳಿಯುವುದು ಎಷ್ಟು ಗೇಣು?

ಒಳ್ಳೆಯ ಫುಟ್‌ಪಾತ್ ಮಾಡಲು ಬರುವುದಿಲ್ಲ ಅಂತಲೂ ಅಲ್ಲ. ಟೆಂಡರ್ ಶ್ಯೂರ್ ಅಂತ ಹೆಸರಿಟ್ಟು ರೆಸಿಡೆನ್ಸಿ ರೋಡು, ವಿಠಲ್ ಮಲ್ಯ ರೋಡುಗಳಲ್ಲಿ ಅಗಲವಾಗಿ, ಅಂದವಾಗಿ ಮಾಡಿದರು. ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಹೊಸದಾಗಿ ಕಲ್ಲು ಹಾಸಿದರು. ಮಾಡಲಿ, ಬೇಡ ಅನ್ನೋರ್ಯಾರು? ಆದರೆ ಕೊಳೆಗೇರಿಯ ಬಾಯಿಂದ ಬಸ್ ಸ್ಟಾಪಿನವರೆಗೆ ಇಂಥ ಕಲ್ಲು ಹಾಸಿದ್ದನ್ನು ಎಲ್ಲಾದರೂ ಕಂಡಿದ್ದೀರಾ? ವಿಹಾರಕ್ಕೆ ನಡೆಯುವವರಿಗೆ ಮೊದಲು, ಹೊಟ್ಟೆಪಾಡಿಗೆ ನಡೆಯುವವರಿಗೆ ಆಮೇಲೆ. ಕೋವಿಡ್ ವರ್ಷ 2020ರಲ್ಲಿ ಸೈಕಲ್ ಪಥ ಬಂದದ್ದೂ ಐಟಿ ಕಂಪನಿಗಳ ಸಾಲಿರುವ ಹೊರ ವರ್ತುಲ ರಸ್ತೆಗೆ. ಗೇರ್ ಸೈಕಲ್ಲಿನವರು 'ಪರಿಸರಪ್ರೇಮಿ'. ಹಾಲಿನ ಕ್ಯಾನು ನೇತುಹಾಕಿಕೊಂಡು ದಿನಾ ತುಳಿಯುವವನಿಗೆ ಯಾವ ಪ್ರಶಸ್ತಿಯೂ ಇಲ್ಲ.

ಇನ್ನೊಂದು ಮೋಸವಿದೆ. ಪಾದಚಾರಿಗಳ ಹೆಸರು ಹೇಳಿ ಬೀದಿ ವ್ಯಾಪಾರಿಗಳನ್ನು ಒದ್ದೋಡಿಸುವುದು. ಸಮೀಕ್ಷೆ ಮಾಡದೆ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು ಅಂತ 2014ರ ಕಾಯ್ದೆ ಹೇಳುತ್ತದೆ. ಆದರೂ 2023ರಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಿಂದ ಅವರನ್ನು ಎತ್ತಂಗಡಿ ಮಾಡಿದರು. ಸೊಪ್ಪು ಮಾರುವ ಅಜ್ಜಿಯ ಬುಟ್ಟಿ ಅತಿಕ್ರಮಣ, ಸಾಹುಕಾರನ ಕಾರು ಪಾರ್ಕಿಂಗು! ಒಂದು ಕಾರು ನಿಲ್ಲುವ ಜಾಗದಲ್ಲಿ ಮೂರು ತಳ್ಳುಗಾಡಿ ನಿಲ್ಲುತ್ತವೆ, ಮೂರು ಮನೆಯ ಒಲೆ ಉರಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕೆಲಸ ಬಿಟ್ಟು ಬರುವ ಹೆಣ್ಣುಮಗಳಿಗೆ ಆ ಗಾಡಿಯ ದೀಪವೇ ಕಾವಲು. ನಡೆಯುವವರೂ ಮಾರುವವರೂ ಒಂದೇ ಕೇರಿಯವರು. ಇವರನ್ನು ಜಗಳಕ್ಕೆ ಹಚ್ಚಿ ಜಾಗ ಹೊಡೆಯುವುದು ಕಾರು.

ನಮ್ಮಲ್ಲೂ ಕೆಲವು ಗೆಳೆಯರು, 'ಭೂಮಿ, ಕೂಲಿ, ಮೀಸಲಾತಿ ಇರುವಾಗ ಫುಟ್‌ಪಾತ್ ಏನ್ ಮಹಾ? ಅದು ಹೊಟ್ಟೆ ತುಂಬಿದವರ ಮಾತು' ಅಂತಾರೆ. ಅಲ್ಲ ಗೆಳೆಯರೇ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು, ಒಳ್ಳೆಯದೇ. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಲಾರಿ ಬಡಿದು ಕಾಲು ಮುರಿದರೆ ಆ ಕೂಲಿ ಎಲ್ಲಿಂದ ಬಂತು? ಹಳ್ಳಿಯ ಮೇಷ್ಟ್ರುಗಳಿಗೆ ಇದು ಗೊತ್ತು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಾಗ ಎಷ್ಟು ಹುಡುಗಿಯರ ಓದು ಉಳಿಯಿತು ಅಂತ ನೀವೇ ಕಂಡವರು. ಕೋವಿಡ್ ಬಂದ ಮೇಲೆ ಆ ಸೈಕಲ್ಲೂ ನಿಂತಿತು. ಕಾಲಿಗೆ ದಾರಿ ಇಲ್ಲದವನಿಗೆ ಶಾಲೆಯೂ ದೂರ, ಆಸ್ಪತ್ರೆಯೂ ದೂರ, ಕೋರ್ಟೂ ದೂರ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಮೊದಲ ಚಪ್ಪಡಿ ಕೊಳೆಗೇರಿ, ಕಾಲೋನಿಗಳ ಬಾಗಿಲಲ್ಲಿ ಬೀಳಲಿ. ಅಲ್ಲಿಂದ ಬಸ್ ಸ್ಟಾಪಿಗೆ, ಶಾಲೆಗೆ, ಮಾರ್ಕೆಟ್ಟಿಗೆ ಸಾಗಲಿ. ವ್ಯಾಪಾರಿಗೆ ಗೆರೆ ಹಾಕಿ ಜಾಗ ಕೊಡಲಿ, ಕಾರನ್ನು ಕೆಳಗಿಳಿಸಲಿ. ಕೆಲಸದ ಸೈಕಲ್ಲಿಗೆ ದಾರಿ ಬಿಡಲಿ. ವಿದ್ಯಾರ್ಥಿ ಗೆಳೆಯರು ಈ ಭಾನುವಾರವೇ ಟೇಪು ಹಿಡಿದು ಹೊರಡಲಿ. ನಿಮ್ಮ ಕಾಲೋನಿಯಿಂದ ಬಸ್ ಸ್ಟಾಪಿನವರೆಗೆ ಅಳೆಯಿರಿ. 1.8 ಮೀಟರ್ ಎಲ್ಲೆಲ್ಲಿ ಇಲ್ಲವೋ ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಪಾಲಿಕೆಯ ಬಾಗಿಲಿಗೆ ಗುಂಪಾಗಿ ಹೋಗಿ, ನಡೆದೇ ಹೋಗಿ. ಕೇಳುವುದು ದಾನವನ್ನಲ್ಲ, ನಾವೇ ಕಲ್ಲು ಹೊತ್ತು ಹಾಸಿದ ಬೀದಿಯನ್ನು.