ರೇಣುಕೆಯ ಮರಳಿನ ಕೊಡ ಹೇಗೆ ಕಾಣಬೇಕು?

‘ಮಹಾವತಾರ ನರಸಿಂಹ’ ಬಂದು ಹೋದ ಮೇಲೆ ನಮ್ಮ ಕ್ಯಾಂಪಸ್ಸಿನಲ್ಲಿ ಹೊಸ ಜಾತಿಯ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಇವರಿಗೆ ಕಟೌಟ್ ಬೇಡ, ಹಾಲಿನ ಅಭಿಷೇಕ ಬೇಡ, ಹೀರೋ ಎಂಟ್ರಿಗೆ ವಿಸಿಲ್ ಹೊಡೆಯೋಕೆ ಹೀರೋನೇ ಇಲ್ಲ. ಅಶ್ವಿನ್ ಕುಮಾರ್ ನಿರ್ದೇಶಿಸಿದ ಆ ಚಿತ್ರವನ್ನು ನಮ್ಮ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿತ್ತು. 2025ರ ಜುಲೈ 25ರಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು, 300 ಕೋಟಿಗೂ ಹೆಚ್ಚು ಗಳಿಸಿತು. ಅದೇ ಸರಣಿಯ ಮುಂದಿನದು ‘ಮಹಾವತಾರ ಪರಶುರಾಮ’, 2027ಕ್ಕೆ ಅಂತ ಘೋಷಣೆಯಾಗಿದೆ. ಈಗ ಮೆಸ್ಸಿನಲ್ಲಿ ಊಟದ ಹೊತ್ತಿಗೆ ನಡೆಯೋ ಚರ್ಚೆ ಒಂದೇ: ಅದು ನೋಡೋಕೆ ಹೇಗಿರುತ್ತೆ?

ಒಂದು ಪಾರ್ಟಿ ಹೇಳೋದು, “ಈ ಸಲ ಪಿಕ್ಸಾರ್ ಲೆವೆಲ್ ಇರುತ್ತೆ ನೋಡು ಮಗಾ.” ಇನ್ನೊಂದು ಪಾರ್ಟಿ, “ಬಿಡೋ, ಮತ್ತೆ ಗೇಮಿನ ಕಟ್‌ಸೀನ್ ಥರಾನೇ ಇರುತ್ತೆ.” ನನಗೆ ಈ ಎರಡೂ ಪಾರ್ಟಿ ಒಂದೇ ಅನ್ಸುತ್ತೆ. ಇಬ್ಬರ ಕೈಯಲ್ಲೂ ಇರೋದು ಒಂದೇ ಅಳತೆಕೋಲು. ಚರ್ಮ ಎಷ್ಟು ನಿಜವಾಗಿದೆ, ಕೂದಲು ಎಷ್ಟು ಎಳೆ, ನೀರು ಎಷ್ಟು ನೀರಿನಂತಿದೆ. ಅಳತೆಕೋಲು ಬೇರೆಯವರದ್ದು, ಅಂಕ ಕೊಡೋದು ಮಾತ್ರ ನಾವು. ಕಾಯೋದು ತಪ್ಪಲ್ಲ, ನಾನೂ ಕಾಯ್ತಿದ್ದೇನೆ. ಆದರೆ ಏನನ್ನು ನೋಡೋಕೆ ಕಾಯ್ತಿದ್ದೇವೆ ಅನ್ನೋದನ್ನ ಸ್ವಲ್ಪ ಸರಿಮಾಡಿಕೊಳ್ಳೋಣ ಅಂತ ಈ ಬರಹ.

ಮೊದಲು ದೊಡ್ಡವರ ಕಥೆಯನ್ನೇ ನೋಡಿ. ಡಿಸ್ನಿಯ ರಾಪಂಜೆಲ್ ಚಿತ್ರ ‘ಟ್ಯಾಂಗಲ್ಡ್’ ಬಂದಿದ್ದು 2010ರಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ದುಡಿದ ಗ್ಲೆನ್ ಕೀನ್ ಅವರ ಆಸೆ, ಕಂಪ್ಯೂಟರಿನಲ್ಲಿ ಮಾಡಿದ್ದು ಫೋಟೋ ಥರ ಕಾಣಬಾರದು, ಕೈಯಲ್ಲಿ ಬಳಿದ ಎಣ್ಣೆಬಣ್ಣದ ಚಿತ್ರದ ಥರ ಕಾಣಬೇಕು ಅನ್ನೋದು. ಅದಕ್ಕೆ ಅವರು ಮಾದರಿ ಇಟ್ಟುಕೊಂಡಿದ್ದು ಹದಿನೆಂಟನೇ ಶತಮಾನದ ಫ್ರೆಂಚ್ ಚಿತ್ರಕಾರ ಫ್ರಾಗೊನಾರ್‌ನ ‘ಉಯ್ಯಾಲೆ’ ಚಿತ್ರವನ್ನು. ಅಂದರೆ ನಾವು ‘ಡಿಸ್ನಿ ಲೆವೆಲ್’ ಅಂತ ಕರೆಯೋದರ ಬುಡದಲ್ಲಿ ಇರೋದು ಬರೀ ಹಾರ್ಡ್‌ವೇರ್ ಅಲ್ಲ. ಅವರ ಕಡೆಯ ಒಂದು ಹಳೇ ಗೋಡೆಯ ಮೇಲಿದ್ದ ಚಿತ್ರ.

ಐರ್ಲೆಂಡಿನ ಕಿಲ್ಕೆನಿ ಅನ್ನೋ ಸಣ್ಣ ಊರಿನಲ್ಲಿ ಕಾರ್ಟೂನ್ ಸಲೂನ್ ಅಂತ ಒಂದು ಸ್ಟುಡಿಯೋ ಇದೆ. ಅವರ ‘ವುಲ್ಫ್‌ವಾಕರ್ಸ್’ 2020ರದ್ದು. ಅದರಲ್ಲಿ ಕೋಟೆಯೊಳಗಿನ ಪಟ್ಟಣವನ್ನು ಮರದ ಅಚ್ಚಿನಿಂದ ಒತ್ತಿದ ಹಾಗೆ, ಗಟ್ಟಿ ಗೆರೆಯಲ್ಲಿ, ಚೌಕ ಚೌಕವಾಗಿ ಬರೆದಿದ್ದಾರೆ. ಕಾಡನ್ನು ಸಡಿಲ ಪೆನ್ಸಿಲ್ ಗೆರೆಯಲ್ಲಿ ಬಿಟ್ಟಿದ್ದಾರೆ, ಕರಡು ಗೆರೆಯನ್ನೂ ಅಳಿಸಿಲ್ಲ. ಯಾವುದು ಸೆರೆ, ಯಾವುದು ಬಿಡುಗಡೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಗೆರೆಯೇ ಹೇಳುತ್ತೆ. ಜಪಾನಿನ ತಕಾಹಾತ ಅವರು 2013ರಲ್ಲಿ ತಮ್ಮ ಕಡೆಯ ಬಿದಿರು ಕಡಿಯುವವನ ಜನಪದ ಕಥೆಯನ್ನು ‘ರಾಜಕುಮಾರಿ ಕಾಗುಯಾ’ ಅಂತ ಚಿತ್ರ ಮಾಡಿದರು. ಹುಡುಗಿ ಸಿಟ್ಟಿನಲ್ಲಿ ಅರಮನೆ ಬಿಟ್ಟು ಓಡುವಾಗ ಚಿತ್ರವೇ ಹರಿದುಹೋದ ಹಾಗೆ ಗೆರೆಗಳು ಒರಟಾಗುತ್ತವೆ. ಇದನ್ನ ಯಾರೂ ಕ್ವಾಲಿಟಿ ಕಮ್ಮಿ ಅನ್ನಲಿಲ್ಲ. ಅನಿಮೇಷನ್‌ನಲ್ಲಿ ಶೈಲಿ ಅಂದ್ರೆ ಕಥೆಯ ಮೇಲೆ ಹೊದಿಸೋ ಬಟ್ಟೆ ಅಲ್ಲ. ಕಥೆ ಹೇಳೋ ಬಾಯಿಯೇ ಅದು.

ಈಗ ಪರಶುರಾಮನ ಹತ್ತಿರ ಬರೋಣ. ಆ ಕಥೆ ಹೇಳುವವರು ಅವನ ತಾಯಿ ರೇಣುಕೆಯನ್ನು ಬಿಟ್ಟು ಹೇಳೋಕೆ ಆಗಲ್ಲ. ರೇಣುಕೆ ಅಂದ್ರೆ ನಮಗೆ ಪುಸ್ತಕದ ಪಾತ್ರ ಅಲ್ಲ, ಸವದತ್ತಿಯ ಎಲ್ಲಮ್ಮ, ಚಂದ್ರಗುತ್ತಿಯ ರೇಣುಕಾಂಬೆ. ಲಕ್ಷಾಂತರ ಜನ ಇವತ್ತಿಗೂ ಎಲ್ಲಮ್ಮನ ಗುಡ್ಡ ಹತ್ತುತ್ತಾರೆ, ಚೌಡಿಕೆ ಹಿಡಿದು ಅವಳ ಕಥೆ ಹಾಡುತ್ತಾರೆ. ಆ ಕಥೆಯಲ್ಲಿ ಅವಳು ದಿನಾ ಬೆಳಗ್ಗೆ ಹೊಳೆಗೆ ಹೋಗಿ ಹಸಿ ಮರಳನ್ನೇ ಕೊಡ ಮಾಡಿ, ಹಾವನ್ನೇ ಸಿಂಬೆ ಸುತ್ತಿ ತಲೆ ಮೇಲಿಟ್ಟು, ಅದರಲ್ಲಿ ನೀರು ತರುತ್ತಾಳೆ. ಮನಸ್ಸು ಒಂದು ಕ್ಷಣ ಆಚೀಚೆ ಆದ ದಿನ ಮರಳು ಕೈಯಲ್ಲಿ ನಿಲ್ಲಲ್ಲ, ಕೊಡ ಕುಸಿಯುತ್ತೆ.

ಜಗತ್ತಿನ ಯಾವ ಕಿನ್ನರಿ ಕಥೆಗೂ ಕಮ್ಮಿಯಿಲ್ಲದ ದೃಶ್ಯ ಇದು. ಎಂಜಿನಿಯರ್ ಕಣ್ಣಿಂದ ನೋಡಿದ್ರೆ ಇದು ಬಗೆಹರಿದ ಸಮಸ್ಯೆಯೂ ಹೌದು. 2013ರ ‘ಫ್ರೋಜನ್’ ಚಿತ್ರದ ಹಿಮಕ್ಕೆ ಡಿಸ್ನಿಯವರು ಮೆಟೀರಿಯಲ್ ಪಾಯಿಂಟ್ ಮೆಥಡ್ ಬಳಸಿದರು. ವಸ್ತುವಿನ ಗುಣವನ್ನು ಕಣಗಳು ಹೊತ್ತಿರುತ್ತವೆ, ಬಲದ ಲೆಕ್ಕವನ್ನು ಗ್ರಿಡ್ ಮೇಲೆ ಮಾಡ್ತಾರೆ. ಮರಳಿಗೂ ಅದೇ ದಾರಿ ನಡೆಯುತ್ತೆ. ಹಾಗಾಗಿ ಕೊಡ ಕುಸಿಯೋದನ್ನ ‘ನಿಜವಾಗಿ’ ತೋರಿಸೋಕೆ ಆಗುತ್ತಾ ಅನ್ನೋದು ದೊಡ್ಡ ಪ್ರಶ್ನೆ ಅಲ್ಲ. ಕುಸಿಯೋ ಮೊದಲು ಆ ಕೊಡ ಏನು ಅನ್ನೋದು ಪ್ರಶ್ನೆ. ಅದು ಮಂತ್ರಶಕ್ತಿಯಿಂದ ಮಿಂಚೋ ಚಿನ್ನದ ಪುಡಿಯಾ? ದಿನಾ ಬೆಳಗ್ಗೆ ಹೆಂಗಸೊಬ್ಬಳು ಮಾಡೋ ಕೆಲಸದ ಒದ್ದೆ ಮರಳಾ? ಮೊದಲನೆಯದಕ್ಕೆ ಗ್ಲೋ ಎಫೆಕ್ಟ್ ಸಾಕು. ಎರಡನೆಯದಕ್ಕೆ ನೀರು ಹೊರೋ ಹೆಂಗಸಿನ ಕತ್ತು, ಸೊಂಟ, ಸಿಂಬೆಯ ಸುತ್ತು ಎಲ್ಲವನ್ನೂ ನೋಡಿ ಗೊತ್ತಿರಬೇಕು. ನಾನು ಕಾಯ್ತಿರೋದು ಎರಡನೆಯದಕ್ಕೆ.

ನೋಡಿ ಗೊತ್ತಿರೋದು ಅನ್ನೋ ಮಾತಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಕೊಡ್ತೇನೆ. ನಾನು ಕೊಡಗಿನ ನಾಪೋಕ್ಲು ಕಡೆಯವನು. ನಮ್ಮಲ್ಲಿ ದೊಡ್ಡ ಕಥೆ ಕಾವೇರಿಯದ್ದು. ಅಗಸ್ತ್ಯರ ಕಮಂಡಲದಿಂದ ಹೊರಟ ಕಾವೇರಿ ಬಲಮುರಿಗೆ ಬಂದಾಗ ಜನ ಅವಳನ್ನು ತಡೆಯೋಕೆ ಹೊಳೆಗೆ ಅಡ್ಡ ನಿಂತರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಮುಂದಿನಿಂದ ಹಿಂದಕ್ಕೆ ಹೋಯಿತಂತೆ. ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಸಿಕ್ಕಿಸೋದು ಅದಕ್ಕೇ ಅನ್ನೋದು ಕಥೆ. ಒಂದು ಹೊಳೆ ಒಂದು ಜನಾಂಗದ ಉಡುಪನ್ನೇ ತಿರುಗಿಸಿಬಿಟ್ಟಿತು. ತೆರೆಯ ಮೇಲೆ ಅದು ಎರಡೋ ಮೂರೋ ಸೆಕೆಂಡಿನ ಶಾಟ್, ಆದರೆ ಇಡೀ ಕಥೆ ಆ ಶಾಟಿನಲ್ಲೇ ಇದೆ.

ಚಿತ್ರ ಬಿಡಿಸೋ ಒಂದು ಎಐ ಟೂಲ್‌ಗೆ ಈ ದೃಶ್ಯ ಹೇಳಿ ನೋಡಿದೆ. ಹೊಳೆ ಚೆನ್ನಾಗಿ ಬಂತು, ಬೆಟ್ಟ ಬಂತು, ಮಂಜೂ ಬಂತು. ಆದರೆ ಹೆಂಗಸರೆಲ್ಲಾ ಟೀವಿ ಧಾರಾವಾಹಿಯ ರಾಣಿಯರು. ಸೆರಗು ಎಡ ಹೆಗಲ ಮೇಲೆ, ನೆರಿಗೆ ಮುಂದೆ, ನೀರಲ್ಲಿ ನಿಂತರೂ ಒಂದು ಮಡಿಕೆ ಕದಲಿಲ್ಲ. ನಾಲ್ಕು ಸಲ ತಿದ್ದಿ ಹೇಳಿದರೂ ನೆರಿಗೆ ಹಿಂದೆ ಹೋಗಲಿಲ್ಲ. ಯಂತ್ರವನ್ನು ಬೈದು ಪ್ರಯೋಜನ ಇಲ್ಲ. ಅದು ಹೆಚ್ಚು ನೋಡಿದ್ದನ್ನೇ ಹೆಚ್ಚು ಬಿಡಿಸುತ್ತೆ, ನಮ್ಮದನ್ನು ಅದು ನೋಡೇ ಇಲ್ಲ. ನನಗೆ ದಿಗಿಲಾಗೋದು ಬೇರೆ ಕಡೆ. ನಮ್ಮ ತಮ್ಮಂದಿರು, ತಂಗಿಯರು ಇನ್ನು ಹತ್ತು ವರ್ಷ ಇಂಥ ಚಿತ್ರಗಳನ್ನೇ ನೋಡಿ ಬೆಳೆದರೆ, ಹಿಂದೆ ನೆರಿಗೆ ಇರೋ ಸೀರೆ ಅವರಿಗೇ ತಪ್ಪಾಗಿ ಕಾಣೋಕೆ ಶುರುವಾಗುತ್ತೆ. ಮುಂದೆ ಬರೋ ಅನಿಮೇಷನ್ ಚಿತ್ರಗಳು ಎಲ್ಲಾ ಊರಿಗೂ ಒಂದೇ ಅರಮನೆ, ಒಂದೇ ಕಿರೀಟ, ಒಂದೇ ಸಿಕ್ಸ್ ಪ್ಯಾಕ್ ಹಂಚಿದರೂ ಆಗೋದು ಇದೇ.

ಹಾಗಾದ್ರೆ ನಮ್ಮ ಗೋಡೆ ಮೇಲೆ ಏನಿದೆ? ಇದೆ ಸ್ವಾಮಿ, ಬೇಕಾದಷ್ಟಿದೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಯ ಹಸೆ ಚಿತ್ತಾರ. ನಮ್ಮ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯ ಗೋಡೆಚಿತ್ರಗಳು. ಇವೆಲ್ಲಕ್ಕಿಂತ ಸಿನಿಮಾಕ್ಕೆ ಹತ್ತಿರದ್ದು ತೊಗಲುಗೊಂಬೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲಾ ಒಂದು ದಿನ ಸ್ಟೇಟಸ್ ಹಾಕಿ ಸುಮ್ಮನಾದೆವು. ಆ ಗೊಂಬೆಗಳನ್ನು ಒಮ್ಮೆ ನಮ್ಮ ಸಿಲಬಸ್ ಕಣ್ಣಿಂದ ನೋಡಿ. ಹದಮಾಡಿದ ತೊಗಲು ಅರೆಪಾರದರ್ಶಕ. ಬೆಳಕು ಹಿಂದಿನಿಂದ ಬಂದು ಬಣ್ಣವನ್ನು ದಾಟಿ ಪರದೆಗೆ ಬೀಳುತ್ತೆ, ಹಾಗಾಗಿ ನೆರಳಿಗೂ ಬಣ್ಣ ಇರುತ್ತೆ. ಕೈಕಾಲಿನ ಕೀಲುಗಳು ಇವತ್ತಿನ ಟೂಡಿ ರಿಗ್ಗಿಂಗ್‌ನಂತೆಯೇ. ಇನ್ನೂ ಒಂದು ವಿಷಯ ನನಗೆ ಬಹಳ ಹಿಡಿಸೋದು: ಕರ್ನಾಟಕದ ತೊಗಲುಗೊಂಬೆಗಳಲ್ಲಿ ಪಾತ್ರದ ಸ್ಥಾನ ದೊಡ್ಡದಾದಂತೆ ಗೊಂಬೆಯ ಗಾತ್ರವೂ ದೊಡ್ಡದಾಗುತ್ತೆ. ನಮ್ಮ ಕ್ಯಾಮೆರಾದ ಗಣಿತದಲ್ಲಿ ಹತ್ತಿರ ಇದ್ದದ್ದು ದೊಡ್ಡದು. ಅಲ್ಲಿ ಮುಖ್ಯವಾದದ್ದು ದೊಡ್ಡದು. ವಾಮನ ತ್ರಿವಿಕ್ರಮನಾಗೋ ಕಥೆ ಇರೋ ನಾಡಿಗೆ ಇದಕ್ಕಿಂತ ಒಳ್ಳೆ ಕ್ಯಾಮೆರಾ ನಿಯಮ ಬೇಕಾ?

ಇಲ್ಲಿ ಎರಡು ಆಕ್ಷೇಪ ಬರುತ್ತೆ, ನನ್ನ ರೂಂಮೇಟ್ ಆಗಲೇ ಎತ್ತಿದ್ದಾನೆ. ಮೊದಲನೆಯದು, “ಜನಪದ ಶೈಲಿ ಅಂತ ಟೈಟಲ್ ಕಾರ್ಡಿನಲ್ಲಿ ನಾಲ್ಕು ಚಿತ್ತಾರ ಅಂಟಿಸ್ತಾರೆ, ಅಷ್ಟೇ.” ಅವನು ಹೇಳೋದು ಸರಿ. ಅಂಟಿಸಿದ್ದು ಶೈಲಿ ಆಗಲ್ಲ, ಅದು ಮದುವೆ ಹಾಲಿನ ಡೆಕೊರೇಷನ್. ಬೆಳಕು ಎಲ್ಲಿಂದ ಬರಬೇಕು, ಮೈ ಹೇಗೆ ತಿರುಗಬೇಕು, ಯಾವುದನ್ನು ತೋರಿಸದೇ ಬಿಡಬೇಕು ಅನ್ನೋ ತೀರ್ಮಾನಗಳಲ್ಲಿ ಅದು ಇರಬೇಕು. ಆ ತೀರ್ಮಾನ ಮಾಡೋ ಕೋಣೆಯಲ್ಲಿ ಕಲಾವಿದರು ಸಂಬಳ ತಗೊಂಡು, ಹೆಸರು ಹಾಕಿಸಿಕೊಂಡು ಕೂತಿರಬೇಕು.

ಎರಡನೆಯದು ದುಡ್ಡಿನ ಮಾತು. ಜನ ಥಿಯೇಟರಿಗೆ ಬರೋದು ಭರ್ಜರಿ ಗ್ರಾಫಿಕ್ಸ್ ನೋಡೋಕೆ, ತೊಗಲುಗೊಂಬೆ ನೋಡೋಕೆ ಅಲ್ಲ ಅಂತ. ನಾನು ಉಲ್ಟಾ ಹೇಳ್ತೇನೆ. ದುಡ್ಡು ಕಮ್ಮಿ ಇರೋರು ಫೋಟೋದಂಥ ನಿಜದ ಹಿಂದೆ ಓಡಿದ್ರೆ ಸೋಲು ಖಚಿತ. ಮನುಷ್ಯನಿಗೆ ತೀರಾ ಹತ್ತಿರ ಬಂದೂ ಪೂರ್ತಿ ಮನುಷ್ಯನಾಗದ ಮುಖ ಕಂಡ್ರೆ ನಮಗೆ ಕಸಿವಿಸಿ ಆಗುತ್ತೆ ಅಂತ ಜಪಾನಿನ ರೋಬೋ ತಜ್ಞ ಮಸಾಹಿರೋ ಮೋರಿ 1970ರಲ್ಲೇ ಬರೆದಿದ್ದರು. ನರಸಿಂಹ ಚಿತ್ರದಲ್ಲೇ ನೋಡಿ. ಮನುಷ್ಯರು ನಿಂತು ಮಾತಾಡೋ ದೃಶ್ಯಗಳು ನಮಗೆ ಬೊಂಬೆ ಥರ ಕಂಡವು. ಕಂಬ ಒಡೆದು ನರಸಿಂಹ ಬಂದಾಗ ಯಾರೂ ತಪ್ಪು ಹುಡುಕಲಿಲ್ಲ, ಯಾಕಂದ್ರೆ ಅಲ್ಲಿ ಅಳೆಯೋಕೆ ನಿಜವಾದ ನರಸಿಂಹ ಯಾರ ಹತ್ತಿರವೂ ಇಲ್ಲ. ‘ಸ್ಪೈಡರ್‌ವರ್ಸ್’ನಲ್ಲಿ ಮೈಲ್ಸ್‌ನನ್ನು ಎಷ್ಟೋ ಕಡೆ ಸೆಕೆಂಡಿಗೆ 24 ಭಂಗಿಯ ಬದಲು 12ರಲ್ಲೇ ಓಡಾಡಿಸಿದರು. ಹೊಸಬನ ತಡವರಿಕೆ ಕಾಣಲಿ ಅಂತ ಬೇಕಂತಲೇ ಮಾಡಿದ್ದು. ಅದನ್ನ ‘ಲ್ಯಾಗ್’ ಅಂದವರು ನಮ್ಮಲ್ಲೂ ಇದ್ದಾರೆ, ಹೆಸರು ಹೇಳಲ್ಲ.

ಸಣ್ಣವರು ಗೆದ್ದ ಉದಾಹರಣೆಯೂ ಕಣ್ಣೆದುರಿಗೇ ಇದೆ. ಲಾಟ್ವಿಯಾ ಅನ್ನೋ ದೇಶದ ಜನಸಂಖ್ಯೆ 20 ಲಕ್ಷಕ್ಕೂ ಕಮ್ಮಿ. ಅಲ್ಲಿನ ಗಿಂಟ್ಸ್ ಜಿಲ್ಬಲೋಡಿಸ್ ಅವರ ‘ಫ್ಲೋ’, ಒಂದೂ ಮಾತಿಲ್ಲದ ಬೆಕ್ಕಿನ ಕಥೆ, 2025ರಲ್ಲಿ ಆಸ್ಕರ್ ತಗೊಂಡಿತು. ಮಾಡಿದ್ದು ಬ್ಲೆಂಡರ್‌ನಲ್ಲಿ, ನಮ್ಮ ಲ್ಯಾಪ್‌ಟಾಪಿಗೂ ಬಿಟ್ಟಿ ಸಿಗೋ ಅದೇ ಬ್ಲೆಂಡರ್‌ನಲ್ಲಿ. ಅದರ ರೋಮ ಪಿಕ್ಸಾರ್ ರೋಮದಷ್ಟು ಎಳೆ ಎಳೆಯಾಗಿಲ್ಲ. ಆದರೆ ಆ ಬೆಕ್ಕು ಬೆಕ್ಕಿನ ಹಾಗೇ ಹೆದರುತ್ತೆ. ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತಲ್ಲ. ನಾವೆಲ್ಲಾ ಸಣ್ಣವರಿದ್ದಾಗ ಕಣ್ಣೀರು ಹಾಕಿದ ಗೋವಿನ ಹಾಡಿನ ಕಥೆಯನ್ನು ವಿ. ರವಿಶಂಕರ್ ಅವರು ಜನರಿಂದಲೇ ಹಣ ಕೂಡಿಸಿ, ಇಳಯರಾಜಾ ಸಂಗೀತದಲ್ಲಿ, ‘ಪುಣ್ಯಕೋಟಿ’ ಅಂತ ಸಂಸ್ಕೃತದಲ್ಲಿ ಅನಿಮೇಷನ್ ಚಿತ್ರ ಮಾಡಿದರು. 2020ರಲ್ಲಿ ಅದು ಬಂದಾಗ ನಮ್ಮಲ್ಲಿ ಎಷ್ಟು ಜನ ನೋಡಿದ್ವಿ? ಕಾಯೋ ಅಭಿಮಾನ ದೊಡ್ಡ ಬ್ಯಾನರಿಗೆ ಮಾತ್ರ ಅಂತಾದ್ರೆ, ಸಣ್ಣ ಚಿತ್ರಗಳ ಶೈಲಿ ಬೆಳೆಯೋದಾದ್ರೂ ಹೇಗೆ?

ಅದಕ್ಕೇ ನನ್ನ ಬೇಡಿಕೆ ಎರಡು. ಒಂದು ನಮ್ಮ ಸಂಘಕ್ಕೆ: ಈ ವರ್ಷದ ಫೆಸ್ಟ್‌ನಲ್ಲಿ ರೀಲ್ಸ್ ಸ್ಪರ್ಧೆಯ ಜೊತೆಗೆ ಮೂವತ್ತು ಸೆಕೆಂಡಿನ ಅನಿಮೇಷನ್ ಸ್ಪರ್ಧೆಯೂ ಇರಲಿ. ಷರತ್ತು ಒಂದೇ, ಕಥೆ ನಿಮ್ಮ ಊರಿನದ್ದಾಗಿರಬೇಕು, ಶೈಲಿಯನ್ನು ಎಲ್ಲಿಂದ ತಗೊಂಡಿರಿ ಅಂತ ನಾಲ್ಕು ಸಾಲು ಬರೆಯಬೇಕು. ಬಲಮುರಿಯ ನೆರಿಗೆಯ ಶಾಟನ್ನು ನಾನು ಈಗಲೇ ನನ್ನ ಹೆಸರಿಗೆ ಬರೆಸಿಕೊಳ್ತಿದ್ದೇನೆ, ಕ್ಲಾತ್ ಸಿಮ್ಯುಲೇಷನ್ ಗೊತ್ತಿರೋರು ಜೊತೆಗೆ ಬನ್ನಿ. ಮೆಕ್ಯಾನಿಕಲ್‌ನವರೂ ಬರಬಹುದು, ಹೊಳೆಯ ಲೆಕ್ಕ ನಿಮಗೇ ಚೆನ್ನಾಗಿ ಬರೋದು.

ಇನ್ನೊಂದು ಕಾಯ್ತಿರೋ ಅಭಿಮಾನಿಗಳಿಗೆ. ಪರಶುರಾಮನ ಟೀಸರ್ ಬಂದ ದಿನ ಎಲ್ಲರೂ ಕೊಡಲಿಯ ಶಾಟಿಗೆ ಪಾಸ್ ಮಾಡಿ ಸ್ಕ್ರೀನ್‌ಶಾಟ್ ತಗೋತೀರಿ. ತಗೊಳ್ಳಿ. ಆಮೇಲೆ ಒಂದು ಸಲ ರೇಣುಕೆಗಾಗಿ ಪಾಸ್ ಮಾಡಿ. ಅವಳ ಸೀರೆ ಯಾವ ಊರಿನದ್ದು, ಅವಳು ನಿಂತ ನೆಲದ ಬಣ್ಣ ಯಾವುದು, ತಲೆ ಮೇಲೆ ಭಾರ ಹೊತ್ತು ಗೊತ್ತಿರೋಳ ಹಾಗೆ ನಡೀತಾಳಾ ನೋಡಿ. ಅದು ಸರಿಯಿದ್ರೆ ರೆಂಡರಿಂಗ್ ಹೇಗಾದ್ರೂ ಇರಲಿ, ಮೊದಲ ದಿನದ ಮೊದಲ ಶೋಗೆ ನಿಮ್ಮ ಜೊತೆ ನಾನೂ ಬರ್ತೇನೆ, ಟಿಕೆಟ್ ನನ್ನ ಲೆಕ್ಕದಲ್ಲಿ.