ದಾಸೋಹಕ್ಕೆ ಎಲ್ಲೆಯುಂಟೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಬರದ ಬೇಗೆಯನ್ನು ಬಲ್ಲ ಸೀಮೆಗಳು. ಮಳೆ ಕೈಕೊಟ್ಟರೆ ಶೇಂಗಾ ಒಣಗುತ್ತದೆ, ದನಗಳಿಗೆ ಮೇವು ದೊರೆಯದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆ ಬೇರೆ. ಇಂಥ ನೆಲದ ಭಕ್ತರಲ್ಲಿ ಯುದ್ಧದಿಂದ ನೊಂದ ಉಕ್ರೇನಿನ ಜನರಿಗಾಗಿ ನೆರವು ಕೇಳಿದರೆ, 'ನಮ್ಮ ಮನೆಯ ಹಸಿವೇ ಹಿಂಗಿಲ್ಲ, ದೂರದವರಿಗೇಕೆ?' ಎಂಬ ಪ್ರಶ್ನೆ ಸಹಜ. ಅದರ ಹಿಂದಿರುವುದು ಬವಣೆ, ಲೋಭವೆಂದು ಜರಿಯಲಾಗದು. ಆದರೆ ಅದಕ್ಕೆ ಕನ್ನಡನಾಡಿನದೇ ಒಂದು ಮನೆಯಿಂದ ಉತ್ತರ ದೊರೆತಿದೆ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ತರಲೆಂದು ಹೊರಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ದಾಳಿಗೆ ಬಲಿಯಾದರು. ಮಾರ್ಚ್ 21ರಂದು ಪಾರ್ಥಿವ ಶರೀರ ಊರಿಗೆ ಬಂದಿತು. ತಂದೆತಾಯಿಗಳು ವೀರಶೈವ ವಿಧಿಯಂತೆ ಪೂಜೆ ಸಲ್ಲಿಸಿ, ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು. ಆ ದೇಹದಿಂದ ಕಲಿತವರು ಮುಂದೆ ಯಾರ ನೋವನ್ನು ನೀಗುವರೆಂಬ ಲೆಕ್ಕ ಆ ಅರ್ಪಣೆಯಲ್ಲಿರಲಿಲ್ಲ.

ಬಸವಾದಿ ಶರಣರು ತೋರಿದ ದಾಸೋಹದ ತಿರುಳೂ ಇದೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನಾಗುತ್ತಾನೆ. ದಾಸನಾದವನು ಪಡೆಯುವವರ ಕುಲ, ಭಾಷೆ, ದೇಶಗಳನ್ನು ವಿಚಾರಿಸಲಾರ. ಹಾಗೆಂದು ಗೋಶಾಲೆಯ ಮೇವನ್ನು ಕಡಿತಗೊಳಿಸಬೇಕಿಲ್ಲ, ನೆರೆಯವನ ತಟ್ಟೆಯನ್ನು ಬರಿದು ಮಾಡಬೇಕಿಲ್ಲ. ಕಾಯಕದ ಗಳಿಕೆಯಲ್ಲಿ ಇನ್ನೊಂದು ಹಿಡಿ ಅವರ ಪಾಲಿಗೆಂದು ತೆಗೆದಿಟ್ಟರೆ ಸಾಕು. ಮಳೆಗಾಗಿ ಮುಗಿಲು ನೋಡಿ ಬಲ್ಲವರಿಗೆ, ಅದೇ ಮುಗಿಲಿನಿಂದ ಬಾಂಬು ಬೀಳುವುದೆಂದು ಮನೆ ತೊರೆದ ತಾಯಿಯ ಸಂಕಟ ತಿಳಿಯದೆ ಇರದು.