ಬೀದಿ ಮೇಯುವ ಬೇಲಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬುದು ಒಕ್ಕಲಿಗನ ಅಳಲಿನಿಂದ ಹುಟ್ಟಿದ ಗಾದೆ. ಪೇಟೆಯ ಬೇಲಿಯ ಹಸಿವು ಬೇರೆ ಬಗೆಯದು. ಅದು ಯಜಮಾನನ ಹಿತ್ತಿಲನ್ನು ಮುಟ್ಟುವುದಿಲ್ಲ. ಹೊರಗಿನ ಬೀದಿಯನ್ನು ಗೇಣುಗೇಣಾಗಿ ಮೇಯುತ್ತದೆ. ಮೊದಲು ನಾಲ್ಕು ಕಲ್ಲುಕಂಬ, ಆಮೇಲೆ ಅವಕ್ಕೆ ತಂತಿ, ತಂತಿಗೆ ಹಬ್ಬಿದ ಒಂದು ಬಳ್ಳಿ. ಕೊನೆಗೆ ಬಳ್ಳಿಯ ಹೊರಮೈಯೇ ತನ್ನ ಎಲ್ಲೆಯೆಂದು ನಂಬಿ ಎಬ್ಬಿಸಿದ ಗೋಡೆ!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಗೆ ಬೇಲಿ ಹೊಸತಲ್ಲ. ಕಳ್ಳಿ, ಕತ್ತಾಳೆ, ಮುಳ್ಳುಕಂಟಿಗಳ ಬೇಲಿಯನ್ನು ಕಾಣದೆ ಇಲ್ಲಿ ಬೆಳೆದವರಿಲ್ಲ. ನಾಡಿನಾದ್ಯಂತ ಹಬ್ಬಿರುವ ಒಂದು ಮುಳ್ಳುಗಿಡಕ್ಕೆ ಕನ್ನಡಿಗರು ಬಳ್ಳಾರಿ ಜಾಲಿ ಎಂದೇ ಹೆಸರಿಟ್ಟಿದ್ದಾರೆ. ಆ ಹಳೆಯ ಬೇಲಿ ಆಡನ್ನು ತಡೆಯುತ್ತಿತ್ತೇ ಹೊರತು ಗಾಳಿಯನ್ನಾಗಲಿ ನೋಟವನ್ನಾಗಲಿ ತಡೆಯುತ್ತಿರಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಅದರ 6 ತಾಲ್ಲೂಕುಗಳಲ್ಲಿ 5 ಈ ಊರುಗಳವೇ ಆದವು. ತಾಲ್ಲೂಕು ಕೇಂದ್ರದ ಸುತ್ತ ಹೊಲಗಳು ನಿವೇಶನಗಳಾದಂತೆ ಮುಳ್ಳಿನ ಬೇಲಿ ಹೋಗಿ ಸಿಮೆಂಟಿನ ಗೋಡೆ ಬರುತ್ತದೆ. ಬೇಲಿಯ ಸ್ವರೂಪ ಬದಲಾದ ಮೇಲೆ ಬೇಲಿಯ ನಿಯಮವೂ ಬದಲಾಗಬೇಡವೇ?

ನಿಯಮ ಮಾಡುವ ಅಧಿಕಾರಕ್ಕೇನೂ ಕೊರತೆಯಿಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಂತೆ ಊರಿನ ಆಡಳಿತ ಸಂಸ್ಥೆಯೇ ಉಪವಿಧಿಗಳನ್ನು ರಚಿಸಬಹುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು, ಮಹಾಯೋಜನೆ ಜಾರಿಯಲ್ಲಿರುವೆಡೆ 10 ವರ್ಷಕ್ಕೊಮ್ಮೆಯಾದರೂ ಊರನ್ನು ಹೊಸದಾಗಿ ಸಮೀಕ್ಷಿಸಿ ಅದನ್ನು ಪರಿಷ್ಕರಿಸಬೇಕೆಂದು ವಿಧಿಸಿದೆ. ವಲಯ ನಿಯಮಗಳು ಆ ಯೋಜನೆಯ ಅಂಗವೇ ಆಗಿವೆ.

ಅಳತೆಗಾಗಿ ಬಹುದೂರ ಹೋಗಬೇಕಾಗಿಲ್ಲ. ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದು ಸಿದ್ಧವಾಗಿದೆ. ಸಂಹಿತೆಯು ಕೇವಲ ಶಿಫಾರಸು. ಸ್ಥಳೀಯ ಸಂಸ್ಥೆ ಅಂಗೀಕರಿಸಿದಾಗ ಮಾತ್ರ ಅದು ಕಾನೂನು. ಅದರಂತೆ ಕಾಂಪೌಂಡು ಗೋಡೆಯ ಎತ್ತರ 1.5 ಮೀಟರು, ಎಂದರೆ ಸುಮಾರು 5 ಅಡಿ ಮೀರಬಾರದು. 2.4 ಮೀಟರಿನವರೆಗೆ, ಎಂದರೆ 8 ಅಡಿಯಷ್ಟು ಏರಿಸಬೇಕಾದರೆ ಮೇಲಿನ 0.9 ಮೀಟರು ಜಾಲರಿಯಂತೆ ತೆರೆದಿರಬೇಕು. ಈ ಎತ್ತರವನ್ನು ಅಳೆಯತಕ್ಕದ್ದು ಅಂಗಳದಿಂದಲ್ಲ, ಮುಂದಿನ ರಸ್ತೆಯ ನಡುಗೆರೆಯಿಂದ. ಇದರ ಮರ್ಮ ಸರಳವಾದುದು. ಒಬ್ಬನು ತನ್ನ ನಿವೇಶನಕ್ಕೆ 2 ಅಡಿ ಮಣ್ಣು ತುಂಬಿಸಿ ಅದರ ಮೇಲೆ 5 ಅಡಿ ಗೋಡೆ ಕಟ್ಟಿದರೆ ಅವನಿಗೆ ಅದು 5 ಅಡಿಯೇ. ಬೀದಿಯಲ್ಲಿ ನಡೆಯುವವನಿಗೆ 7 ಅಡಿ.

ಮೂಲೆಯ ನಿವೇಶನಕ್ಕೆ ಕಟ್ಟು ಇನ್ನೂ ಬಿಗಿ. ಎರಡು ಬೀದಿ ಕೂಡುವಲ್ಲಿ ಎರಡೂ ಪಕ್ಕಗಳಲ್ಲಿ 10 ಮೀಟರು ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರಿಗಿಂತ ಎತ್ತರವಿರಕೂಡದು. ಉಳಿದ ಎತ್ತರವನ್ನು ಸರಳುಗಳಿಂದ ತುಂಬಬಹುದು. ಎರಡೂವರೆ ಅಡಿಯ ಗೋಡೆಯ ಮೇಲಿಂದ ಸೈಕಲ್ಲೇರಿದ ಬಾಲಕನ ತಲೆ ಕಾಣುತ್ತದೆ. ಆರಡಿ ಗೋಡೆಯ ಮರೆಯಿಂದ ಅವನು ಹೊರಬಿದ್ದಾಗ ಟ್ರ್ಯಾಕ್ಟರು ಎದುರಿಗೇ ಬಂದಿರುತ್ತದೆ. ಪೇಟೆಯ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಜಾಗ, ನನ್ನ ಗೋಡೆ. ಕಳ್ಳನ ಭಯಕ್ಕೆ ಎತ್ತರ ಬೇಡವೇ ಎಂದು ಕೇಳುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಕುರುಡು ಗೋಡೆ ಕಳ್ಳನನ್ನು ತಡೆಯುವುದು ಹಾರುವವರೆಗೆ ಮಾತ್ರ; ಹಾರಿದ ಮೇಲೆ ನೆರೆಯವರ ಕಣ್ಣಿನಿಂದ ಅವನನ್ನು ಕಾಪಾಡುವುದೂ ಅದೇ ಗೋಡೆ. ಇನ್ನೊಂದು ಅಪಾಯವೂ ಉಂಟು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಅದರಲ್ಲಿ ತೆಳುವಾದ ಬುನಾದಿಯ ಮೇಲೆ ಎತ್ತರದ ಗೋಡೆ ನಿಲ್ಲಿಸಿದರೆ ಅದು ವಾಲುತ್ತದೆ. ವಾಲಿದ ಗೋಡೆ ಬೀಳುವುದು ದಾರಿಹೋಕರ ಮೇಲೆ.

ಹಾಗೆಂದು ಹೊಸ ನಿಯಮ ಬಂದ ಮರುದಿನವೇ ಹಳೆಯ ಗೋಡೆಗಳಿಗೆಲ್ಲ ಹಾರೆ ಹಾಕುವುದು ನ್ಯಾಯವಲ್ಲ. ಸ್ವಂತ ಎಲ್ಲೆಯೊಳಗೆ ನಿಂತ ಗೋಡೆ ಮತ್ತೆ ಕಟ್ಟುವ ಕಾಲಕ್ಕೆ ನಿಯಮಕ್ಕೆ ಒಳಪಟ್ಟರೆ ಸಾಕು. ಮೂಲೆಯ ಗೋಡೆಗೆ ಕಾಲಾವಕಾಶ ಕೊಟ್ಟು ತಗ್ಗಿಸಬೇಕು. ಬೀದಿಯನ್ನು ನುಂಗಿದ ಗೋಡೆಗೆ ಮಾತ್ರ ದಾಕ್ಷಿಣ್ಯ ಸಲ್ಲದು. ಸಾರ್ವಜನಿಕ ರಸ್ತೆಯ ಜಾಗವನ್ನು ಮರಳಿ ಪಡೆಯಲು ಸ್ಥಳೀಯ ಸಂಸ್ಥೆ ದಾವೆ ಹೂಡಬೇಕಾದ ಅವಧಿಯನ್ನು 1963ರ ಕಾಲಮಿತಿ ಅಧಿನಿಯಮವು 30 ವರ್ಷವೆಂದು ಗೊತ್ತುಮಾಡಿದೆ. ಅದು ದೀರ್ಘವೆಂದು ತೋರಿದರೂ ಕಡತ ಮಲಗಿದರೆ ಕಳೆದುಹೋಗುವುದು ಗೊತ್ತೇ ಆಗುವುದಿಲ್ಲ.

ಕೊಟ್ಟೂರೇಶ್ವರನ ತೇರಿಗೆ ದಾರಿ ಬಿಡಬೇಕೆಂದು ಯಾರಿಗೂ ನೋಟೀಸು ಕೊಡಬೇಕಾಗಿಲ್ಲ. ಭಕ್ತಿಯೇ ಅಲ್ಲಿ ಅಳತೆಗೋಲು. ವರ್ಷದ ಮಿಕ್ಕ ದಿನಗಳಲ್ಲಿ ಅದೇ ಬೀದಿಯಲ್ಲಿ ಮಕ್ಕಳೂ ಮುದುಕರೂ ನಡೆಯುತ್ತಾರೆ. ಅವರಿಗಾಗಿ ಬೇಕಾದುದು ಒಂದು ಪುಟದ ನಿಯಮ: ಎಷ್ಟು ಎತ್ತರ, ಎಲ್ಲಿಂದ ಅಳತೆ, ಮೂಲೆಯಲ್ಲಿ ಹೇಗೆ ಎಂಬ ಮೂರೇ ಮಾತು, ತಿಳಿಗನ್ನಡದಲ್ಲಿ. ಅದನ್ನು ಗೋಡೆ ಎದ್ದ ಮೇಲೆ ದಂಡದ ಚೀಟಿಯೊಡನೆ ಕೊಡುವ ಬದಲು ಪಾಯ ತೋಡುವ ಮುನ್ನವೇ ಪರವಾನಗಿಯೊಡನೆ ಕೈಗಿತ್ತರೆ, ನೆರೆಹೊರೆಯ ಎಷ್ಟೋ ಜಗಳಗಳು ಕಟ್ಟೆ ಹತ್ತುವ ಮೊದಲೇ ಇಳಿದುಹೋದಾವು.